ಸರಕಿಗೆ ತಂಪು, ದುಡಿಯುವವನಿಗೆ ಚಿತೆ

ದಕ್ಷಿಣ ಕೊರಿಯಾದಲ್ಲಿ ಇಚಾನ್ ಎಂಬ ಊರಿದೆ. 2008ರ ಜನವರಿಯಲ್ಲಿ ಅಲ್ಲಿನ ಹೊಸ ಶೀತಲ ಗೋದಾಮೊಂದಕ್ಕೆ ಬೆಂಕಿ ಬಿದ್ದು 40 ಮಂದಿ ಸತ್ತರು. ಕಂಪನಿಗೆ ಬಿದ್ದ ದಂಡ 2 ಕೋಟಿ ವಾನ್. ತಲೆಗೆ 5 ಲಕ್ಷ ವಾನ್. ನಮ್ಮ ಹಣದಲ್ಲಿ ಒಂದು ಒಳ್ಳೆಯ ಎಮ್ಮೆಯ ಬೆಲೆಯೂ ಆಗದು! ದಂಡ ಅಗ್ಗವಾದಲ್ಲಿ ಜೀವವೂ ಅಗ್ಗ. 2020ರ ಏಪ್ರಿಲ್ 29ರಂದು ಅದೇ ಊರಿನಲ್ಲಿ, ಕಟ್ಟುತ್ತಿದ್ದ ಇನ್ನೊಂದು ಗೋದಾಮು ಹೊತ್ತಿಕೊಂಡು 38 ಕಾರ್ಮಿಕರು ಬಲಿಯಾದರು.

ಎರಡು ಸಲವೂ ಬೆಂಕಿಗೆ ಮೇವಾದದ್ದು ಶಾಖ ತಡೆಯಲು ಬಳಸುವ ಯುರೆಥೇನ್ ನೊರೆ. ಇದು ಐಸೊಸಯನೇಟ್ ಮತ್ತು ಪಾಲಿಯೋಲ್ ಎಂಬ ಎರಡು ದ್ರವಗಳನ್ನು ಕೂಡಿಸಿ ಸಿಂಪಡಿಸುವ ವಸ್ತು. ಕ್ಷಣದಲ್ಲಿ ಉಬ್ಬಿ ಗಟ್ಟಿಯಾಗುತ್ತದೆ. ಸಿಂಪಡಿಸುವಾಗ ಏಳುವ ಐಸೊಸಯನೇಟ್ ಮಂಜು ಉಸಿರಿಗೆ ಸೇರಿದರೆ ಉಬ್ಬಸ ಬರಬಹುದು. ಒಮ್ಮೆ ಮೈಗೆ ಒಗ್ಗದಂತಾದರೆ, ಮುಂದೆ ಅತ್ಯಲ್ಪ ಸೋಂಕೂ ಉಸಿರು ಕಟ್ಟಿಸುತ್ತದೆ. ಆ ಕೆಲಸಗಾರ ಕಸುಬನ್ನೇ ಬಿಡಬೇಕು. ಉರಿದರೆ ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಸಯನೈಡ್ ವಿಷ.

ಗಟ್ಟಿಯಾದ ಮೇಲೆ ಅಪಾಯವಿಲ್ಲ ಎನ್ನುತ್ತಾರೆ ಗುತ್ತಿಗೆದಾರರು. ಸರಿಯಾಗಿ ಬೆರೆತು ಗಟ್ಟಿಯಾದರೆ ಉಸಿರಿನ ಅಪಾಯ ಬಹಳ ಕಡಿಮೆ, ಒಪ್ಪಿದೆವು. ಆದರೆ ಬೆಂಕಿಯ ಅಪಾಯ ಹೋಗಲಿಲ್ಲವಲ್ಲ! 2020ರ ದುರಂತದಲ್ಲಿ ವೆಲ್ಡಿಂಗ್ ಕಿಡಿ ನೊರೆಗೆ ತಾಗಿತೆಂದು ಪೊಲೀಸರು ಕಂಡುಕೊಂಡರು. ಕೆಲಸ ಬೇಗ ಮುಗಿಸಲು ಎಂದಿಗಿಂತ ಹೆಚ್ಚು ಜನರನ್ನು ಒಳಗೆ ತುಂಬಲಾಗಿತ್ತು. ಗೋಡೆ ಬೆವರಬಾರದೆಂದು, ತಪ್ಪಿಸಿಕೊಳ್ಳುವ ದಾರಿಗೇ ಇಟ್ಟಿಗೆ ಕಟ್ಟಲಾಗಿತ್ತು. ಇದನ್ನು ವಿಧಿಯೆನ್ನಬೇಕೆ? ಇದು ಲಾಭದ ಲೆಕ್ಕಾಚಾರ!

ನಾವು ನೊರೆಯ ವಿರೋಧಿಗಳಲ್ಲ. ತಗಡಿನ ಕೆಳಗೆ ಬೇಯುವ ಗಿರಣಿ ಕಾರ್ಮಿಕನಿಗೂ, ಅಂಗಡಿಯ ವರ್ತಕನಿಗೂ ತಂಪು ಬೇಕು. ಆದರೆ ಆ ತಂಪಿನ ಬೆಲೆಯನ್ನು ಕೂಲಿಯವನ ಪುಪ್ಪುಸದಿಂದ ವಸೂಲು ಮಾಡಕೂಡದು.

ಆದುದರಿಂದ ನಮ್ಮ ಬೇಡಿಕೆಗಳು ಇವು: ಸಿಂಪಡಿಸುವವನಿಗೆ ಹೊರಗಿನ ಶುದ್ಧ ಗಾಳಿ ಒದಗಿಸುವ ಮುಖವಾಡ, ಕೈಚೀಲ, ಮೈಮುಚ್ಚುವ ಉಡುಪನ್ನು ಮಾಲೀಕನೇ ಕೊಡಬೇಕು, ಬಟ್ಟೆ ಕಟ್ಟಿಕೊಂಡರೆ ಸಾಲದು. ನೊರೆ ಗಟ್ಟಿಯಾಗಿ ಗಾಳಿ ತಿಳಿಯಾಗುವವರೆಗೆ ಬೇರೆಯವರನ್ನು ಒಳಗೆ ಬಿಡಕೂಡದು. ತೆರೆದ ನೊರೆಯ ಬಳಿ ವೆಲ್ಡಿಂಗ್ ಕೂಡದು. ನೊರೆಯ ಮೇಲೆ ಬೆಂಕಿ ತಡೆಯುವ ಹೊದಿಕೆ ಇರಬೇಕು. ಹೊರಬಾಗಿಲುಗಳು ಸದಾ ತೆರೆದಿರಬೇಕು.

ಕೊರಿಯಾ 2021ರಲ್ಲಿ ಕಾನೂನು ಮಾಡಿತು: ಸುರಕ್ಷತೆಯ ಹೊಣೆ ಮರೆತು ಕಾರ್ಮಿಕರ ಸಾವಿಗೆ ಕಾರಣನಾದ ಮಾಲೀಕನಿಗೆ ಒಂದು ವರ್ಷಕ್ಕೆ ಕಡಿಮೆಯಿಲ್ಲದ ಜೈಲು ವಿಧಿಸಬಹುದು. ಇಚಾನ್ ಒಂದರಲ್ಲೇ 78 ಹೆಣಗಳು ಬಿದ್ದ ಮೇಲೆ ಬಂದ ಕಾನೂನು ಅದು. ಕಾರ್ಮಿಕ ಬಂಧುಗಳೇ, ವರ್ತಕ ಮಿತ್ರರೇ, ನಾವೂ ಹೆಣ ಎಣಿಸಿಯೇ ಕಲಿಯಬೇಕೆ? ನಿಮ್ಮ ಸೂರಿಗೆ ನೊರೆ ಹೊಡೆಯಲು ಬಂದವನನ್ನು ಮೊದಲು ಕೇಳಿರಿ: ಮುಖವಾಡ ಎಲ್ಲಿ? ಹೊರಗೆ ಹೋಗುವ ದಾರಿ ಎಲ್ಲಿ?