ಚಿತ್ರ ತೆಗೆದವರದೋ, ಹಣ ಕೊಟ್ಟವರದೋ?

ಪಿ.ಯು.ಸಿ. ಮುಗಿಸಿದ ಮಕ್ಕಳಲ್ಲಿ ಛಾಯಾಗ್ರಹಣವನ್ನೇ ಕಸುಬಾಗಿ ಹಿಡಿಯಬೇಕೆಂಬ ಹಂಬಲವುಳ್ಳವರು ಕಡಿಮೆಯೇನಿಲ್ಲ. ಇಂಥವರ ಮನೆಗಳಲ್ಲಿ ಮೊದಲು ಚರ್ಚೆಗೆ ಬರುವುದು ಕ್ಯಾಮೆರಾದ ಬೆಲೆ. ಬಳಿಕ ತರಬೇತಿಯ ಶುಲ್ಕ. ತೆಗೆದ ಚಿತ್ರದ ಮೇಲಿನ ಹಕ್ಕು ಯಾರದು ಎಂಬ ಪ್ರಶ್ನೆ ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಕಸುಬಿಗೆ ಇಳಿದ ಮೇಲೆ ಅದೇ ಪ್ರಶ್ನೆ ವಕೀಲರ ಕಚೇರಿಯವರೆಗೂ ಎಳೆದೊಯ್ಯಬಹುದು.

ಒಂದು ಉದಾಹರಣೆ ನೋಡೋಣ. ಮದುವೆಯೊಂದರ ಚಿತ್ರಗಳನ್ನು ತೆಗೆದ ಛಾಯಾಗ್ರಾಹಕ, ವಧುವಿನ ಚಿತ್ರವೊಂದನ್ನು ದೊಡ್ಡದು ಮಾಡಿಸಿ ತನ್ನ ಸ್ಟುಡಿಯೋದ ಮುಂದೆ ತೂಗುಹಾಕುತ್ತಾನೆ. ಇಲ್ಲವೇ ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಾನೆ. ಹುಡುಗಿಯ ತಂದೆ ಆಕ್ಷೇಪಿಸುತ್ತಾರೆ. 'ಕ್ಯಾಮೆರಾ ನನ್ನದು, ಕೈಚಳಕ ನನ್ನದು, ಆದ್ದರಿಂದ ಚಿತ್ರವೂ ನನ್ನದೇ' ಎಂಬುದು ಛಾಯಾಗ್ರಾಹಕನ ವಾದ. ಬೇರೆ ಕರಾರು ಇಲ್ಲದಿದ್ದರೆ ಕಾನೂನು ಈ ವಾದವನ್ನು ಒಪ್ಪುವುದಿಲ್ಲ.

1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಛಾಯಾಚಿತ್ರವೂ ಒಂದು ಕಲಾಕೃತಿ. ಅದನ್ನು ತೆಗೆದವನೇ ಅದರ ಕರ್ತೃ. ಸಾಮಾನ್ಯವಾಗಿ ಕರ್ತೃವೇ ಮೊದಲ ಒಡೆಯ. ಆದರೆ 17ನೇ ಸೆಕ್ಷನ್ನು ಕೆಲವು ವಿನಾಯಿತಿಗಳನ್ನು ಹೇಳುತ್ತದೆ. ಒಬ್ಬರು ಹೇಳಿ, ಹಣ ಕೊಟ್ಟು ತೆಗೆಸಿದ ಚಿತ್ರಕ್ಕೆ ಹಣ ಕೊಟ್ಟವರೇ ಮೊದಲ ಒಡೆಯರು. ಸ್ಟುಡಿಯೋದಲ್ಲಿ ಸಂಬಳಕ್ಕಿದ್ದು ಕೆಲಸದ ಭಾಗವಾಗಿ ತೆಗೆದ ಚಿತ್ರ ಮಾಲೀಕರದು. ಪತ್ರಿಕೆಯ ನೌಕರನಾದ ಛಾಯಾಗ್ರಾಹಕನ ಚಿತ್ರವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಪತ್ರಿಕೆಯ ಒಡೆಯರದು. ಉಳಿದ ಹಕ್ಕು ತೆಗೆದವನದು. ಯಾರ ಹಂಗೂ ಇಲ್ಲದೆ ಜೋಗಕ್ಕೆ ಹೋಗಿ ತೆಗೆದ ಜಲಪಾತದ ಚಿತ್ರವಾದರೆ ಅದು ಸಂಪೂರ್ಣ ಅವನದೇ.

ಈ ಎಲ್ಲ ವಿನಾಯಿತಿಗಳಿಗೂ ಒಂದೇ ಬೀಗದ ಕೈ ಇದೆ. 'ಇದಕ್ಕೆ ವಿರುದ್ಧವಾದ ಕರಾರು ಇಲ್ಲದಿದ್ದರೆ' ಎಂದು ಕಾಯಿದೆ ಹೇಳುತ್ತದೆ. ಅಂದರೆ ಮದುವೆಯ ಚಿತ್ರಗಳನ್ನು ತನ್ನ ಕೆಲಸದ ಮಾದರಿಯಾಗಿ ತೋರಿಸಿಕೊಳ್ಳಬೇಕಾದರೆ ಆ ಮಾತನ್ನು ಮುಂಗಡ ಪಡೆಯುವಾಗಲೇ ಕಾಗದದ ಮೇಲೆ ಬರೆಸಿಕೊಳ್ಳಬೇಕು. ಒಂದೇ ಪುಟದ ಸರಳ ಕನ್ನಡದ ಕರಾರು ಸಾಕು.

ಅದರಲ್ಲಿ ಇರಬೇಕಾದುದು ಇಷ್ಟು: ಎಷ್ಟು ದಿನ, ಎಷ್ಟು ಹೊತ್ತಿನ ಕೆಲಸ, ಒಟ್ಟು ಮೊತ್ತ, ಮುಂಗಡ, ಬಾಕಿ ಕೊಡುವ ದಿನ, ಆಲ್ಬಂ ಕೈಸೇರುವ ದಿನಾಂಕ, ಕಾರ್ಯಕ್ರಮ ಮುಂದೆ ಹೋದರೆ ಮುಂಗಡದ ಗತಿ, ಮೂಲ ಫೈಲುಗಳನ್ನು ಎಷ್ಟು ಕಾಲ ಕಾಪಾಡಬೇಕು, ಚಿತ್ರಗಳನ್ನು ಯಾರು, ಎಲ್ಲೆಲ್ಲಿ ಬಳಸಬಹುದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ಬಾಕಿ ಹಣದ ವಿಷಯದಲ್ಲಿ ಎಷ್ಟು ನಿಜವೆಂದು ಸ್ಟುಡಿಯೋ ನಡೆಸುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅತ್ತ ಗಿರಾಕಿಗೂ ಕಾನೂನಿನ ಆಸರೆ ಇದೆ. ಹಣ ಪಡೆದು ಆಲ್ಬಂ ಕೊಡದಿದ್ದರೆ ಅದು ಸೇವೆಯ ಲೋಪ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು.

ಇಲ್ಲಿ ಪಾಲಕರು ಗಮನಿಸಬೇಕಾದ ಅಂಶವೊಂದಿದೆ. 18 ವರ್ಷ ತುಂಬದವರು ಮಾಡಿಕೊಂಡ ಕರಾರು 1872ರ ಕರಾರು ಕಾಯಿದೆಯ ಪ್ರಕಾರ ಊರ್ಜಿತವಲ್ಲ. ಹದಿನೇಳರ ಹುಡುಗ ನಾಮಕರಣ, ಗೃಹಪ್ರವೇಶಗಳ ಚಿತ್ರ ತೆಗೆಯಲು ಒಪ್ಪಿಕೊಂಡರೆ, ವ್ಯವಹಾರವನ್ನು ತಂದೆಯೋ ತಾಯಿಯೋ ತಮ್ಮ ಹೆಸರಿನಲ್ಲಿ ಮಾಡುವುದು ಕ್ಷೇಮ.

ಹಕ್ಕನ್ನು ಮಾರುವಾಗಲೂ ಎಚ್ಚರ ಬೇಕು. ಹಕ್ಕಿನ ವರ್ಗಾವಣೆ ಬರಹದಲ್ಲಿದ್ದು, ಕೊಡುವವರ ಸಹಿ ಇದ್ದರೆ ಮಾತ್ರ ಸಿಂಧು. ಅವಧಿ ಕಾಣಿಸದಿದ್ದರೆ ಅದು ಐದು ವರ್ಷಕ್ಕೆ ಸೀಮಿತ. ಪ್ರದೇಶ ಹೇಳದಿದ್ದರೆ ಭಾರತಕ್ಕಷ್ಟೇ ಸೀಮಿತ. ಹಕ್ಕು ಕೈಬಿಟ್ಟ ಮೇಲೂ ಚಿತ್ರ ತನ್ನದೆಂದು ಹೇಳಿಕೊಳ್ಳುವ, ತನ್ನ ಹೆಸರಿಗೆ ಕುಂದು ಬರುವಂತೆ ಅದನ್ನು ವಿರೂಪಗೊಳಿಸಿದರೆ ತಡೆಯುವ ಅಧಿಕಾರ ಕರ್ತೃವಿಗೆ ಉಳಿದೇ ಇರುತ್ತದೆ. ಛಾಯಾಚಿತ್ರ ಸ್ಪರ್ಧೆಗಳಿಗೆ ಚಿತ್ರ ಕಳಿಸುವ ವಿದ್ಯಾರ್ಥಿಗಳು ನಿಯಮಾವಳಿಯ ಸಣ್ಣಕ್ಷರಗಳನ್ನು ಓದದೆ ಒಪ್ಪಿಗೆ ಕೊಡಬಾರದು. ಬಹುಮಾನ ಬಂದರೂ ಬಾರದಿದ್ದರೂ ಚಿತ್ರವನ್ನು ಸಂಘಟಕರು ಬಳಸಬಹುದೆಂಬ ಷರತ್ತು ಅಲ್ಲಿ ಅಡಗಿರಬಹುದು.

ಈ ಹಕ್ಕಿನ ಬೆಲೆ ಸಣ್ಣದಲ್ಲ. ಮೊದಲು ಛಾಯಾಚಿತ್ರಕ್ಕೆ ಪ್ರಕಟಣೆಯ ನಂತರ 60 ವರ್ಷ ಮಾತ್ರ ರಕ್ಷಣೆಯಿತ್ತು. 2012ರ ತಿದ್ದುಪಡಿಯಿಂದ ಅದು ಕರ್ತೃವಿನ ಜೀವಮಾನ ಮತ್ತು ಅನಂತರದ 60 ವರ್ಷ ಎಂದಾಯಿತು. ಇಂದು ಇಪ್ಪತ್ತರ ಹುಡುಗಿ ತೆಗೆದ ಒಂದು ಒಳ್ಳೆಯ ಚಿತ್ರ ಅವಳ ಮೊಮ್ಮಕ್ಕಳಿಗೂ ಆಸ್ತಿಯಾಗಬಲ್ಲದು. ಇದಕ್ಕೆ ನೋಂದಣಿ ಕಡ್ಡಾಯವಲ್ಲ. ಆದರೂ ವಿವಾದ ಬಂದಾಗ ತೋರಿಸಲು ಮೂಲ ಫೈಲನ್ನು ಜೋಪಾನವಾಗಿಟ್ಟಿರಬೇಕು. ಬೇರೆಯವರ ಚಿತ್ರವನ್ನು ತಿಳಿದೂ ತಿಳಿದೂ ಕದ್ದು ಬಳಸಿದರೆ ಮೂರು ವರ್ಷದವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ ಉಂಟು.

ಹಕ್ಕು ತನ್ನದಾದ ಮಾತ್ರಕ್ಕೆ ಚಿತ್ರವನ್ನು ಮನಬಂದಂತೆ ಬಳಸುವಂತಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪಿತ್ತಿತು. ಸಂತೆಯಲ್ಲಿ ತೆಗೆದ ತರಕಾರಿ ಮಾರುವವಳ ಚಿತ್ರವನ್ನು ಜಾಹೀರಾತಿಗೆ ಕೊಡುವ ಮೊದಲು ಅವಳ ಲಿಖಿತ ಒಪ್ಪಿಗೆ ಪಡೆಯುವುದು ವಿವೇಕ. ಅದು ಸಭ್ಯತೆಯೂ ಹೌದು.

ಇನ್ನು ವ್ಯಾಪಾರದ ಕಾಗದಪತ್ರಗಳು. ಸ್ಟುಡಿಯೋ ತೆರೆದರೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಡಿ ನೋಂದಣಿ ಮಾಡಿಸಬೇಕು. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿ.ಎಸ್.ಟಿ. ನೋಂದಣಿ ಬೇಕು. ಮದುವೆಗಳಲ್ಲಿ ಡ್ರೋನ್ ಹಾರಿಸುವವರು 2021ರ ಡ್ರೋನ್ ನಿಯಮಗಳನ್ನು ತಿಳಿದಿರಬೇಕು. 250 ಗ್ರಾಂಗಿಂತ ಹೆಚ್ಚು ತೂಕದ ಡ್ರೋನನ್ನು ಸಂಪಾದನೆಗಾಗಿ ಹಾರಿಸಲು ಪೈಲಟ್ ಪ್ರಮಾಣಪತ್ರ ಅಗತ್ಯ.

ಕ್ಯಾಮೆರಾ ಕೊಳ್ಳಲು ಸಾಲ ಮಾಡುವ ಪಾಲಕರು ಮೊದಲು ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಒಂದು ಪುಟದ ಕರಾರಿನ ಕರಡು ಬರೆಸಲಿ. ಪರಿಚಯದ ವಕೀಲರಿಗೆ ಅದನ್ನೊಮ್ಮೆ ತೋರಿಸಲಿ. ಬಿಲ್ ಪುಸ್ತಕವೊಂದನ್ನು ಅಚ್ಚು ಹಾಕಿಸಲಿ. ಲೆನ್ಸಿನ ಬೆಲೆಯ ಮುಂದೆ ಈ ಖರ್ಚು ಏನೇನೂ ಅಲ್ಲ.