ಹೈಡನ್ನನ ‘ವಿದಾಯ’ ಸಿಂಫನಿ

ಪಾಶ್ಚಾತ್ಯ ವಾದ್ಯಸಂಗೀತವು ಕನ್ನಡನಾಡಿಗೆ ತೀರ ಅಪರಿಚಿತವಾದುದಲ್ಲ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು (1919–1974) ಲಂಡನ್ನಿನ ಫಿಲ್‌ಹಾರ್ಮೋನಿಯ ವಾದ್ಯವೃಂದದ ಕಛೇರಿಗಳಿಗೆ ಧನಸಹಾಯವಿತ್ತವರು. ಆದರೂ ಅದು ಅರಮನೆಯ ವಿಲಾಸವೆಂದೂ ಸಿಂದಗಿಯಂಥ ಬಯಲುಸೀಮೆಯ ಬದುಕಿಗೆ ಅದರಿಂದ ಆಗಬೇಕಾದುದೇನೂ ಇಲ್ಲವೆಂದೂ ಭಾವಿಸುವವರೇ ಹೆಚ್ಚು. ಜೋಸೆಫ್ ಹೈಡನ್ನನು 1772ರಲ್ಲಿ ರಚಿಸಿದ 45ನೆಯ ಸಿಂಫನಿಯನ್ನು ಅರಿತವರು ಹಾಗೆನ್ನಲಾರರು. ಅದು ಹುಟ್ಟಿದ್ದು ಅರಮನೆಯಲ್ಲಿ; ಅದರ ದನಿ ಮಾತ್ರ ದುಡಿಯುವವರದು.

ಹೈಡನ್ನನು ಹಂಗೇರಿಯ ಪ್ರಭು ನಿಕೊಲಾಸ್ ಎಸ್ಟರ್‌ಹಾಜಿಯ ಆಸ್ಥಾನದಲ್ಲಿ ವಾದ್ಯವೃಂದದ ಮುಖ್ಯಸ್ಥನಾಗಿದ್ದನು. ಆ ವರ್ಷ ಪ್ರಭುವು ಬೇಸಗೆಯ ಅರಮನೆಯಲ್ಲಿ ನಿರೀಕ್ಷೆ ಮೀರಿ ತಂಗಿದನು. ವಾದಕರು ಹೆಂಡಿರು ಮಕ್ಕಳನ್ನು ಅಲ್ಲಿಗೆ ಕರೆತರಕೂಡದೆಂಬ ಅಪ್ಪಣೆ ಮೊದಲೇ ಹೊರಟಿದ್ದಿತು. ಸಂಸಾರಗಳು ಒಂದು ದಿನದ ಪಯಣದಾಚೆ, ಐಸೆನ್‌ಸ್ಟಾಟ್ ಪಟ್ಟಣದಲ್ಲಿ. ಮನೆಯ ಹಂಬಲ ಹೇಳಿಕೊಂಡ ವಾದಕರ ಪರವಾಗಿ ಹೈಡನ್ನನು ಅರ್ಜಿ ಬರೆಯದೆ ಸಿಂಫನಿ ಬರೆದನು.

ಎರಡು ಓಬೋ, ಒಂದು ಬಸೂನ್, ಎರಡು ಕೊಂಬು, ಜೊತೆಗೆ ತಂತಿವಾದ್ಯಗಳು, ಸಣ್ಣ ಮೇಳ. ಕೊನೆಯ ಭಾಗವು ಭರದಿಂದ ಸಾಗುತ್ತಿರುವಾಗಲೇ ಥಟ್ಟನೆ ನಿಂತು, ನಿಧಾನಗತಿಯ ಬೇರೊಂದು ಸಂಗೀತ ತೊಡಗುತ್ತದೆ. ಮೊದಲು ಒಂದು ಓಬೋ, ಒಂದು ಕೊಂಬು ತಮ್ಮ ಪಾಲಿನ ಕಿರುನುಡಿಯನ್ನು ನುಡಿದು ಮೌನವಾಗುತ್ತವೆ. ಬಳಿಕ ಬಸೂನ್, ಹೀಗೆ ಒಬ್ಬೊಬ್ಬರೇ ಮೇಣದ ಬತ್ತಿಯನ್ನಾರಿಸಿ ಎದ್ದು ಹೋದರೆಂದು ಪ್ರತೀತಿ. ಕಡೆಗೆ ಉಳಿಯುವುದು ಎರಡೇ ಪಿಟೀಲು, ಅವೂ ದನಿಯಡಗಿಸಿಕೊಂಡು. ಮರುದಿನವೇ ಪ್ರಭುವು ಪರಿವಾರಕ್ಕೆ ಊರಿಗೆ ಹೊರಡಲು ಅಪ್ಪಣೆ ಕೊಟ್ಟನೆನ್ನುತ್ತಾರೆ.

ಈ ಕಥೆಯನ್ನು ಪ್ರಭುವಿನ ಔದಾರ್ಯಕ್ಕೆ ನಿದರ್ಶನವಾಗಿ ಹೇಳುವ ರೂಢಿಯುಂಟು. ಅದು ಸಲ್ಲದು. ಸಂಸಾರವನ್ನು ಅಗಲಿಸಿದವನೇ ಮತ್ತೆ ಕೂಡಿಸಿದರೆ ಅದರಲ್ಲಿ ಔದಾರ್ಯವೆಷ್ಟು? ಗಮನಿಸಬೇಕಾದುದು ಬೇರೆಯೇ ಇದೆ. ಪತ್ನಿಯನ್ನು ಕರೆತರಬಾರದೆಂಬ ನಿರ್ಬಂಧದಿಂದ ವಿನಾಯಿತಿ ಪಡೆದ ಕೆಲವೇ ಮಂದಿಯಲ್ಲಿ ಹೈಡನ್ನನೂ ಒಬ್ಬ. ತನಗಿಲ್ಲದ ಕಷ್ಟಕ್ಕಾಗಿ ಅವನು ಪ್ರಭುವಿನ ಅಸಮಾಧಾನವನ್ನು ಎದುರಿಸಲು ಸಿದ್ಧನಾದನು.

ಸಿಂದಗಿ, ಇಂಡಿ, ಮುದ್ದೇಬಿಹಾಳಗಳ ಹಳ್ಳಿಗಳಿಗೆ ಇಂಥ ಅಗಲಿಕೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಮಹಾರಾಷ್ಟ್ರಕ್ಕೆ, ಗೋವೆಗೆ ಗುಳೆ ಹೋದವರ ಮನೆಗಳಲ್ಲಿ ಮುದುಕರೂ ಶಾಲೆಯ ಮಕ್ಕಳೂ ಉಳಿಯುತ್ತಾರೆ. ಮುಂಗಡದ ಲೆಕ್ಕ ತೀರುವತನಕ ಮುಕಾದಮನು ಬಿಡುವುದಿಲ್ಲ, ಜಾತ್ರೆಗೂ ಬರಲಾಗುವುದಿಲ್ಲ. ಹೈಡನ್ನನ ಸ್ಥಾನದಲ್ಲಿರುವವರು ಈ ತಾಲೂಕುಗಳಲ್ಲಿಯೂ ಇದ್ದಾರೆ: ಗುಳೆಯ ಗೊಡವೆಯಿಲ್ಲದ, ತಿಂಗಳ ಸಂಬಳವುಳ್ಳ ಶಿಕ್ಷಕರು, ನೌಕರರು, ಪದವೀಧರರು. ತಮ್ಮ ಬಡ್ತಿಗೆ, ವರ್ಗಾವಣೆಗೆ ಅವರು ಅರ್ಜಿ ಬರೆಯಬಲ್ಲರು. ಕಬ್ಬಿನ ಗದ್ದೆಯಲ್ಲಿ ಸಿಲುಕಿದವನ ಅರ್ಜಿ ಇನ್ನೂ ಬರೆಯದೆಯೇ ಉಳಿದಿದೆ.