ಕನ್ನಡವನ್ನು ಪ್ರೋಗ್ರಾಮಿನೊಳಗೆ ಹೂಳಬೇಡಿ

ಒಂದು ಆ್ಯಪ್‌ನಲ್ಲಿ ‘ಬಲಕ್ಕೆ’ ಎಂದಿರಬೇಕಾದ ಗುಂಡಿಯ ಮೇಲೆ ‘ಸರಿ’ ಎಂದಿದೆ ಎನ್ನೋಣ. ಇಂಗ್ಲಿಷಿನ ‘ರೈಟ್’ಗೆ ಎರಡೂ ಅರ್ಥವಿದೆಯಲ್ಲ. ಸಾಂತಾಕ್ರೂಜ್ ಪೂರ್ವದ ಕಲಿನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಯಾವ ವಿದ್ಯಾರ್ಥಿಯಾದರೂ ಈ ತಪ್ಪನ್ನು ಕಂಡಕೂಡಲೇ ಹಿಡಿದಾರು. ಆದರೆ ತಿದ್ದಲಾರರು. ಆ ಪದ ಪ್ರೋಗ್ರಾಮಿನ ಹೊಟ್ಟೆ ಸೇರಿಬಿಟ್ಟಿದೆ.

ಸೇರಿಸುವುದು ಸುಲಭ. ವಿಮ್ ಎಡಿಟರ್ ಜೊತೆ ಬರುವ ‘ಎಕ್ಸ್‌ಎಕ್ಸ್‌ಡಿ’ ಎಂಬ ಪುಟ್ಟ ಸಲಕರಣೆಗೆ ಟರ್ಮಿನಲ್‌ನಲ್ಲಿ ‘ಐ’ ಆಯ್ಕೆಯನ್ನೂ ಕಡತದ ಹೆಸರನ್ನೂ ಕೊಟ್ಟರೆ ಸಾಕು. ಕಡತದ ಒಂದೊಂದು ಬೈಟನ್ನೂ ಸಂಖ್ಯೆಯಾಗಿಸಿ ಸಿ ಭಾಷೆಯ ಅರೇ ಬರೆದುಕೊಡುತ್ತದೆ. ಯುಟಿಎಫ್-8ರಲ್ಲಿ ‘ಕ’ ಅಕ್ಷರವೆಂದರೆ 224, 178, 149 ಎಂಬ ಮೂರು ಬೈಟು. ‘ಕನ್ನಡ’ ಪದಕ್ಕೆ 15 ಬೈಟು. ಸಲಕರಣೆ ಇವನ್ನು ಹದಿನಾರರ ಮಾನದಲ್ಲಿ ಸಾಲಾಗಿ ಜೋಡಿಸುತ್ತದೆ. ಆಮೇಲೆ ಆ ಸಾಲುಗಳಲ್ಲಿ ಕನ್ನಡ ಓದಬಲ್ಲವರು ಯಾರು? ಮೂಲ ಕಡತ ಕಳೆದುಹೋದರಂತೂ ಅನುವಾದಕರ ಪಾಲಿಗೆ ಅಂಕಿಗಳಷ್ಟೇ ಉಳಿಯುತ್ತವೆ.

ಪ್ರೋಗ್ರಾಮರುಗಳ ವಾದ ಸುಳ್ಳಲ್ಲ. ಒಂದೇ ಕಡತ ಹಂಚಿದರೆ ಸಾಕು, ‘ಫೈಲ್ ಸಿಗಲಿಲ್ಲ’ ಎಂಬ ದೂರು ಬರುವುದಿಲ್ಲ. ಗೋ ಭಾಷೆ 2021ರಲ್ಲಿ, 1.16ನೇ ಆವೃತ್ತಿಯಿಂದ, ಈ ಸೌಲಭ್ಯವನ್ನು ತನ್ನೊಳಗೇ ತಂದುಕೊಂಡಿತು. ಸಿ23 ಕೂಡ ‘ಎಂಬೆಡ್’ ಎಂಬ ನಿರ್ದೇಶನ ಸೇರಿಸಿತು. ಇವುಗಳಲ್ಲಿ ಮೂಲ ಕಡತ ಓದುವಂತೆಯೇ ಉಳಿಯುತ್ತದೆ, ನಿಜ. ಆದರೆ ಬಳಕೆದಾರರ ಕೈಗೆ ಬಂದ ಪ್ರತಿಯಲ್ಲಿ ಒಂದು ಕೊಂಬು ತಿದ್ದಬೇಕಾದರೂ ಇಡೀ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡಬೇಕು, ಮತ್ತೆ ಹಂಚಬೇಕು. ಐಕಾನು, ಲೋಗೋ ಹೂಳಿದರೆ ನಷ್ಟವಿಲ್ಲ. ಭಾಷೆ ಐಕಾನಲ್ಲ, ಅದು ಬಳಸುತ್ತ ಬಳಸುತ್ತ ತಿದ್ದಿಕೊಳ್ಳುವಂಥದ್ದು.

ಇದಕ್ಕೆ ಹೊಸ ಸಂಶೋಧನೆಯೇನೂ ಬೇಕಿಲ್ಲ. 1990ರ ದಶಕದಿಂದಲೂ ‘ಗೆಟ್‌ಟೆಕ್ಸ್ಟ್’ ಇದೆ. ಅದರ ಪಿಒ ಕಡತದಲ್ಲಿ ಇಂಗ್ಲಿಷ್ ಸಾಲಿನ ಕೆಳಗೆ ಕನ್ನಡದ ಸಾಲು ಇರುತ್ತದೆ. ಕೋಡ್ ಬಾರದವರೂ ಅದನ್ನು ತೆರೆದು ತಿದ್ದಬಹುದು. ಪ್ರೋಗ್ರಾಮನ್ನು ಮುಟ್ಟದೆಯೇ ಅದನ್ನು ಬಳಕೆಗೆ ಸಿದ್ಧಪಡಿಸಬಹುದು. ಒಂದೇ ಕಡತ ಬೇಕೇಬೇಕೆನ್ನುವವರಿಗೂ ದಾರಿಯಿದೆ: ಒಳಗೊಂದು ಪ್ರತಿ ಇರಲಿ, ಆದರೆ ಪ್ರೋಗ್ರಾಮು ಮೊದಲು ಹೊರಗಿನ ಕಡತವನ್ನು ಹುಡುಕಲಿ, ಸಿಗದಿದ್ದರೆ ಮಾತ್ರ ಒಳಗಿನದನ್ನು ಬಳಸಲಿ. ಇದಕ್ಕೆ ಬೇಕಾಗುವುದು ಕೆಲವೇ ಸಾಲು ಕೋಡ್.

ಅಷ್ಟನ್ನೂ ಬರೆಯದೆ ‘ಕನ್ನಡದಲ್ಲೂ ಲಭ್ಯ’ ಎಂದು ಹೇಳಿಕೊಳ್ಳುವ ತಂತ್ರಾಂಶ, ಕನ್ನಡಿಗರಿಗೆ ಓದುವ ಹಕ್ಕು ಕೊಟ್ಟು ತಿದ್ದುವ ಹಕ್ಕನ್ನು ಕಿತ್ತುಕೊಳ್ಳುತ್ತದೆ. ತಪ್ಪನ್ನು ದಿನವೂ ನೋಡುವವರು ಒಬ್ಬರು, ತಿದ್ದುವ ಕೀಲಿ ಇರುವುದು ಕನ್ನಡವೇ ಬಾರದ ಇನ್ನೊಬ್ಬರ ಬಳಿ. ಈ ಏರ್ಪಾಡನ್ನು ಅನುಕೂಲವೆಂದು ಕರೆಯುವುದು ಬೇಡ.